ಮೂರನೇ ಟೆಸ್ಟ್ ಎಲ್ಲಿ ಹೋಯ್ತು? ದಕ್ಷಿಣ ಆಫ್ರಿಕಾ ಪ್ರವಾಸ ಮುಗಿದ ಮೇಲೆ ಉಳಿದ ಪ್ರಶ್ನೆ

ಹುಬ್ಬಳ್ಳಿ: 2024ರ ಜನವರಿ 5ರ ಶುಕ್ರವಾರ ಮುಂಜಾನೆ, ರಣಜಿ ಪಂದ್ಯದ ಸುದ್ದಿಗೆ ಅಂತ ರಾಜನಗರದ ಕೆಎಸ್‌ಸಿಎ ಮೈದಾನಕ್ಕೆ ಹೋಗಿದ್ದೆ. ಒಳಗೆ ಕರ್ನಾಟಕ–ಪಂಜಾಬ್ ಪಂದ್ಯ ಶುರುವಾಗೋದಿತ್ತು. ಆದರೆ ಹೊರಗೆ ಚಹಾ ಕುಡಿಯುತ್ತಾ ನಿಂತವರ ಬಾಯಲ್ಲಿ ಇದ್ದದ್ದು ಕೇಪ್‌ಟೌನ್ ಮಾತು. ಹಿಂದಿನ ದಿನ ಸಂಜೆಯಷ್ಟೇ ಭಾರತ ಅಲ್ಲಿ ದಕ್ಷಿಣ ಆಫ್ರಿಕಾವನ್ನು 7 ವಿಕೆಟ್‌ಗಳಿಂದ ಸೋಲಿಸಿತ್ತು. ಐದು ದಿನದ ಟೆಸ್ಟ್ ಎರಡೇ ದಿನಕ್ಕೆ ಮುಗಿದಿತ್ತು.

ವಯಸ್ಸಾದ ಕಾಕಾ ಒಬ್ಬರು ಕೇಳಿದರು: "ಅಲ್ಲೋ ತಮ್ಮಾ, ಮ್ಯಾಚ್ ಗೆದ್ದಿವಿ, ಖರೆ. ಸರಣಿ ಯಾರು ಗೆದ್ದ್ರು?"

"ಯಾರೂ ಗೆದ್ದಿಲ್ಲರಿ ಕಾಕಾ. 1-1."

"ಹಂಗಾದ್ರ ಮೂರನೇದು ಯಾವಾಗ ಐತಿ?"

"ಮೂರನೇದು ಇಲ್ಲರಿ. ಎರಡೇ ಇದ್ವು."

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಇದೇನ್ಪಾ, ಪಂಚಾಯ್ತಿ ಕೂಡಿಸಿ ತೀರ್ಮಾನ ಹೇಳೂದ್ರಾಗ ಎದ್ದು ಹೋದಂಗಾತು."

ಟಿವಿಯಲ್ಲಿ, ಪೇಪರಿನಲ್ಲಿ ಆ ಒಂದು ವಾರ ಬಂದ ಚರ್ಚೆಯೆಲ್ಲ ಸಿರಾಜ್ ಬೌಲಿಂಗ್, ಪಿಚ್‌ನ ಬಿರುಕು, ರೋಹಿತ್ ಮಾತು ಇವುಗಳ ಸುತ್ತಲೇ. ಕಾಕಾನ ಪ್ರಶ್ನೆ ಕೇಳಿದವರು ಕಡಿಮೆ. ಅದಕ್ಕೇ ಈ ಬರಹ. ಮೂರನೇ ಟೆಸ್ಟ್ ಎಲ್ಲಿ ಹೋಯ್ತು? ಯಾರು ಒಯ್ದರು?

ಮೊದಲು ಪ್ರವಾಸದ ಲೆಕ್ಕ

ಮರೆತವರಿಗಾಗಿ ಒಂದು ಸಲ ಪೂರ್ತಿ ಲೆಕ್ಕ ಹಾಕೋಣ. ಡಿಸೆಂಬರ್ 10ರಿಂದ ಜನವರಿ 4ರವರೆಗೆ ಒಟ್ಟು 8 ಪಂದ್ಯ: 3 ಟಿ20, 3 ಏಕದಿನ, 2 ಟೆಸ್ಟ್.

ಡರ್ಬನ್‌ನ ಮೊದಲ ಟಿ20 ಮಳೆಗೆ ಹೋಯಿತು, ಟಾಸ್ ಕೂಡ ಆಗಲಿಲ್ಲ. ಪೋರ್ಟ್ ಎಲಿಜಬೆತ್‌ನಲ್ಲಿ (ಈಗ ಗೆಬೆರಾ ಅಂತಾರೆ) ರಿಂಕು ಸಿಂಗ್ 39 ಎಸೆತಕ್ಕೆ ಔಟಾಗದೆ 68 ಹೊಡೆದರೂ ಮಳೆ ನಿಯಮದ ಲೆಕ್ಕದಲ್ಲಿ ದಕ್ಷಿಣ ಆಫ್ರಿಕಾ 5 ವಿಕೆಟ್‌ಗಳಿಂದ ಗೆದ್ದಿತು. ಜೊಹಾನ್ಸ್‌ಬರ್ಗ್‌ನಲ್ಲಿ ಸೂರ್ಯಕುಮಾರ್ 56 ಎಸೆತದಲ್ಲಿ 100, ಕುಲದೀಪ್ ತಮ್ಮ ಹುಟ್ಟುಹಬ್ಬದ ದಿನವೇ 17 ರನ್ನಿಗೆ 5 ವಿಕೆಟ್. ಭಾರತ 106 ರನ್‌ಗಳಿಂದ ಗೆದ್ದು ಟಿ20 ಸರಣಿ 1-1.

ಏಕದಿನದಲ್ಲಿ ಮೊದಲು ಜೊಹಾನ್ಸ್‌ಬರ್ಗ್. ಅರ್ಷದೀಪ್ 5, ಆವೇಶ್ ಖಾನ್ 4 ವಿಕೆಟ್ ತೆಗೆದು ಎದುರಾಳಿಯನ್ನು 116ಕ್ಕೆ ಕೆಡವಿದರು. ಎರಡನೆಯದರಲ್ಲಿ ಟೋನಿ ಡಿ ಝೋರ್ಜಿ ಔಟಾಗದೆ 119 ಹೊಡೆದು ಸಮ ಮಾಡಿದರು. ಪಾರ್ಲ್‌ನಲ್ಲಿ ಸಂಜು ಸ್ಯಾಮ್ಸನ್ 108. ಭಾರತ 78 ರನ್‌ಗಳಿಂದ ಗೆದ್ದು ಏಕದಿನ ಸರಣಿ 2-1.

ಟೆಸ್ಟ್‌ಗೆ ಬಂದರೆ, ಸೆಂಚುರಿಯನ್‌ನಲ್ಲಿ ಭಾರತ 245 ಮತ್ತು 131. ಡೀನ್ ಎಲ್ಗರ್ ಒಬ್ಬರೇ 185 ಹೊಡೆದರು. ಇನ್ನಿಂಗ್ಸ್ ಮತ್ತು 32 ರನ್ ಸೋಲು, ಅದೂ ಮೂರೇ ದಿನದಲ್ಲಿ. ಕೇಪ್‌ಟೌನ್‌ನಲ್ಲಿ ಸಿರಾಜ್ 15 ರನ್ನಿಗೆ 6 ವಿಕೆಟ್ ತೆಗೆದು ಆತಿಥೇಯರನ್ನು 55ಕ್ಕೆ ಆಲೌಟ್ ಮಾಡಿದರು. ಭಾರತದ ಎದುರು ಯಾವುದೇ ತಂಡ ಟೆಸ್ಟ್‌ನಲ್ಲಿ ಗಳಿಸಿದ ಅತಿ ಕಡಿಮೆ ಮೊತ್ತ ಅದು. ಆಮೇಲೆ ನಮ್ಮವರದ್ದೂ ಅದೇ ಕಥೆ. 4 ವಿಕೆಟ್‌ಗೆ 153 ಇದ್ದದ್ದು 11 ಎಸೆತದಲ್ಲಿ 153ಕ್ಕೇ ಆಲೌಟ್. ಆರು ವಿಕೆಟ್, ಸೊನ್ನೆ ರನ್. ಮೊದಲ ದಿನವೇ 23 ವಿಕೆಟ್ ಬಿದ್ದವು. ಮಾರ್ಕ್ರಮ್ ಅಂಥ ಪಿಚ್ ಮೇಲೂ 106 ಹೊಡೆದರು, ಬೂಮ್ರಾ 6 ವಿಕೆಟ್ ತೆಗೆದರು, ಭಾರತ 79 ರನ್ ಗುರಿ ಮುಟ್ಟಿತು.

ಇಡೀ ಪಂದ್ಯದಲ್ಲಿ ಬಿದ್ದ ಎಸೆತ 642. ಫಲಿತಾಂಶ ಬಂದ ಟೆಸ್ಟ್‌ಗಳಲ್ಲಿ ಇತಿಹಾಸದಲ್ಲೇ ಇದು ಅತಿ ಚಿಕ್ಕದು. ಹಿಂದಿನ ದಾಖಲೆ 1932ರ ಮೆಲ್ಬರ್ನ್ ಪಂದ್ಯದ್ದು, 656 ಎಸೆತ. ಪಿಚ್ 'ಅತೃಪ್ತಿಕರ' ಅಂತ ಐಸಿಸಿ ಷರಾ ಬರೆದು ಮೈದಾನಕ್ಕೆ ಒಂದು ಡಿಮೆರಿಟ್ ಅಂಕವನ್ನೂ ಕೊಟ್ಟಿದೆ.

ಒಟ್ಟಿನಲ್ಲಿ ಟೆಸ್ಟ್‌ಗೆ ಇಟ್ಟಿದ್ದು 10 ದಿನ, ಆಟ ನಡೆದದ್ದು 5 ದಿನವೂ ಪೂರ್ತಿ ಅಲ್ಲ.

ಮೂರು ತಂಡ, ಮೂರು ನಾಯಕರು

ಹೇಳೋದಕ್ಕೆ ಇದು ಒಂದು ಪ್ರವಾಸ. ಆದರೆ ಭಾರತದಿಂದ ಹೋದದ್ದು ಮೂರು ತಂಡ ಅಂದರೂ ತಪ್ಪಿಲ್ಲ. ಟಿ20ಗೆ ಸೂರ್ಯಕುಮಾರ್ ಯಾದವ್ ನಾಯಕ, ಏಕದಿನಕ್ಕೆ ನಮ್ಮ ಕೆ.ಎಲ್. ರಾಹುಲ್, ಟೆಸ್ಟ್‌ಗೆ ರೋಹಿತ್ ಶರ್ಮಾ. ರೋಹಿತ್, ಕೊಹ್ಲಿ, ಬೂಮ್ರಾ ಬರೀ ಟೆಸ್ಟ್‌ಗೆ ಬಂದವರು. ಏಕದಿನ ಸರಣಿಯಲ್ಲಿ ತಂಡದ ಜೊತೆ ಕೋಚ್ ಆಗಿ ಸಿತಾಂಶು ಕೋಟಕ್ ಇದ್ದರು. ಮುಖ್ಯ ಕೋಚ್ ರಾಹುಲ್ ದ್ರಾವಿಡ್ ಟೆಸ್ಟ್ ಆಟಗಾರರ ತಯಾರಿ ನೋಡಿಕೊಳ್ಳುತ್ತಿದ್ದರು.

ಹೀಗೆ ಹಂಚಿಕೊಳ್ಳೋದು ತಪ್ಪು ಅಂತ ನಾನು ಹೇಳೋದಿಲ್ಲ. ನವೆಂಬರ್ 19ಕ್ಕೆ ವಿಶ್ವಕಪ್ ಫೈನಲ್ ಸೋತ ಮೈಮನಸ್ಸು ಇತ್ತು, 2024ರ ಜೂನ್‌ನಲ್ಲಿ ಟಿ20 ವಿಶ್ವಕಪ್ ಇತ್ತು. ಹಿರಿಯರಿಗೆ ವಿಶ್ರಾಂತಿ ಬೇಕು, ಹುಡುಗರಿಗೆ ಅವಕಾಶ ಬೇಕು. ಸಾಯಿ ಸುದರ್ಶನ್ ಪಾದಾರ್ಪಣೆ ಮಾಡಿ ಮೊದಲೆರಡು ಏಕದಿನದಲ್ಲೂ ಅರ್ಧಶತಕ ಹೊಡೆದದ್ದು ಈ ಪದ್ಧತಿಯಿಂದಲೇ.

ಆದರೆ ಒಂದು ಮಾತು. ಸೀಮಿತ ಓವರ್ ಆಟದಲ್ಲಿ ಈ ಹಂಚಿಕೆ ನಡೆಯುತ್ತದೆ, ಟೆಸ್ಟ್‌ನಲ್ಲಿ ನಡೆಯೋದಿಲ್ಲ. ಟಿ20ಯಲ್ಲಿ ಒಬ್ಬ ಹುಡುಗ ವಿಮಾನ ಇಳಿದು ಎರಡು ದಿನ ನೆಟ್ಸ್ ಮಾಡಿ ಹೊಡೆಯಬಲ್ಲ. ಸೆಂಚುರಿಯನ್‌ನ ಪುಟಿಯುವ ಪಿಚ್ ಮೇಲೆ ಯಾವ ಚೆಂಡು ಬಿಡಬೇಕು, ಯಾವುದು ಆಡಬೇಕು ಅನ್ನೋದು ಕೈಗೆ ಬರಬೇಕಾದರೆ ದಿನಗಟ್ಟಲೆ ಬ್ಯಾಟ್ ಹಿಡಿದಿರಬೇಕು. ವಿಶ್ವಕಪ್ ಫೈನಲ್ ಆದ ಮೇಲೆ ರೋಹಿತ್, ಕೊಹ್ಲಿ ಇಬ್ಬರೂ ಆಡಿದ ಮೊದಲ ಪಂದ್ಯವೇ ಡಿಸೆಂಬರ್ 26ರ ಬಾಕ್ಸಿಂಗ್ ಡೇ ಟೆಸ್ಟ್. ಬೂಮ್ರಾ ಅದಕ್ಕೂ ಮುಂಚೆ ಟೆಸ್ಟ್ ಆಡಿದ್ದು 2022ರ ಜುಲೈನಲ್ಲಿ. ಸ್ಥಳೀಯ ತಂಡದ ಎದುರು ಅಭ್ಯಾಸ ಪಂದ್ಯ ಇರಲಿಲ್ಲ. ತಮ್ಮತಮ್ಮಲ್ಲೇ ಎರಡು ಗುಂಪು ಮಾಡಿಕೊಂಡು ಆಡಿದ್ದಷ್ಟೇ ತಯಾರಿ. ಓಣಿಯ ಹುಡುಗರು ಟೂರ್ನಮೆಂಟ್‌ಗೆ ಮುಂಚೆ ಆಡಿಕೊಳ್ತಾರಲ್ಲ, ಹಂಗ.

ಎದುರಿನವರು ಏನು ಮಾಡಿದರು ನೋಡ್ರಿ. ಬವುಮಾ, ರಬಾಡ ಇಬ್ಬರನ್ನೂ ಟಿ20, ಏಕದಿನ ಎರಡರಿಂದಲೂ ಹೊರಗಿಟ್ಟರು. ಯಾನ್ಸೆನ್, ಕೊಯೆಟ್ಜಿ ಅವರನ್ನು ಮೊದಲೆರಡು ಟಿ20 ಆದ ಮೇಲೆ ಬಿಟ್ಟುಕೊಟ್ಟರು. ಟೆಸ್ಟ್‌ಗೆ ಮುಂಚೆ ದೇಶೀ ನಾಲ್ಕು ದಿನದ ಪಂದ್ಯ ಆಡಲಿ ಅಂತ. ಜೊಹಾನ್ಸ್‌ಬರ್ಗ್‌ನ ಟಿ20ಯಲ್ಲಿ 95ಕ್ಕೆ ಆಲೌಟಾಗಿ ಸೋತರು. ಆದರೆ ಸೆಂಚುರಿಯನ್‌ನಲ್ಲಿ ರಬಾಡ 59 ರನ್ನಿಗೆ 5 ವಿಕೆಟ್ ತೆಗೆದರು, ಯಾನ್ಸೆನ್ ಔಟಾಗದೆ 84 ಹೊಡೆದರು. ಯಾವುದು ಮುಖ್ಯ ಅಂತ ಅವರು ಮೊದಲೇ ತೀರ್ಮಾನ ಮಾಡಿಕೊಂಡಿದ್ದರು.

ನಮ್ಮ ಇಬ್ಬರು

ಕರ್ನಾಟಕದ ಇಬ್ಬರು ಆಟಗಾರರ ಕಥೆ ನೋಡಿದರೆ ಇದು ಇನ್ನೂ ಸ್ಪಷ್ಟ ಆಗುತ್ತದೆ.

ಒಬ್ಬರು ರಾಹುಲ್. 2022ರ ಜನವರಿಯಲ್ಲಿ ಇದೇ ದೇಶದಲ್ಲಿ ಇದೇ ರಾಹುಲ್ ನಾಯಕತ್ವದಲ್ಲಿ ಭಾರತ ಮೂರೂ ಏಕದಿನ ಸೋತಿತ್ತು. ಜೊಹಾನ್ಸ್‌ಬರ್ಗ್ ಟೆಸ್ಟ್ ಕೂಡ. ಆಗ ಜನ ಆಡಿಕೊಂಡದ್ದು ನನಗೆ ನೆನಪಿದೆ, ನಾನೂ ಆಡಿಕೊಂಡಿದ್ದೆ. ಈ ಸಲ ಅವರು ಏಕದಿನ ಸರಣಿ ಗೆದ್ದರು. ಕೊಹ್ಲಿ ಬಿಟ್ಟರೆ ಅಲ್ಲಿ ಏಕದಿನ ಸರಣಿ ಗೆದ್ದ ಭಾರತದ ನಾಯಕ ಇವರೊಬ್ಬರೇ. ಐದು ದಿನ ಆದ ಮೇಲೆ ಸೆಂಚುರಿಯನ್‌ನಲ್ಲಿ ಆರನೇ ಕ್ರಮಾಂಕಕ್ಕೆ ಬಂದು, ಒಂದು ಕಡೆ ವಿಕೆಟ್ ಉರುಳುತ್ತಿದ್ದಾಗ 137 ಎಸೆತದಲ್ಲಿ 101 ಹೊಡೆದರು. ತಂಡದ ಮೊತ್ತ 245, ಅದರಲ್ಲಿ ಇವರದ್ದೇ 101. ಆ ಟೆಸ್ಟ್‌ನಲ್ಲಿ ಅವರೇ ವಿಕೆಟ್ ಕೀಪರ್. ಟೆಸ್ಟ್‌ನಲ್ಲಿ ಆ ಕೆಲಸ ಅವರಿಗೆ ಮೊದಲ ಸಲ. ಅದೇ ಮೈದಾನದಲ್ಲಿ 2021ರ ಡಿಸೆಂಬರ್‌ನಲ್ಲೂ 123 ಹೊಡೆದಿದ್ದರು. ನನ್ನ ಮಟ್ಟಿಗೆ ಇಡೀ ಪ್ರವಾಸದ ಒಳ್ಳೆಯ ಇನ್ನಿಂಗ್ಸ್ ಅದು. ಆದರೆ ಕೇಪ್‌ಟೌನ್‌ನಲ್ಲಿ 153ಕ್ಕೆ ಬಿದ್ದ ಆ ಆರು ವಿಕೆಟ್‌ಗಳಲ್ಲಿ ಮೊದಲು ಹೋದದ್ದೂ ರಾಹುಲ್ ವಿಕೆಟ್ಟೇ, 8 ರನ್ನಿಗೆ.

ಇನ್ನೊಬ್ಬರು ಪ್ರಸಿದ್ಧ್ ಕೃಷ್ಣ. ಬೆನ್ನುಮೂಳೆ ಗಾಯದಿಂದ ವರ್ಷದ ಹತ್ತಿರ ಹೊರಗಿದ್ದು 2023ರ ಆಗಸ್ಟ್‌ನಲ್ಲಷ್ಟೇ ಮರಳಿದವರು. ಆಡಿದ ರಣಜಿ ಪಂದ್ಯಗಳೇ ಕಡಿಮೆ. ಡಿಸೆಂಬರ್ ಎರಡನೇ ವಾರ ಪೊಚೆಫ್‌ಸ್ಟ್ರೂಮ್‌ನಲ್ಲಿ ಭಾರತ 'ಎ' ಪರ ಆಡಿ ಹ್ಯಾಟ್ರಿಕ್ ಸಮೇತ 43 ರನ್ನಿಗೆ 5 ವಿಕೆಟ್ ತೆಗೆದರು. ಶಮಿಗೆ ಪಾದದ ನೋವಿತ್ತು, ಸೆಂಚುರಿಯನ್‌ನಲ್ಲಿ ಟೆಸ್ಟ್ ಕ್ಯಾಪ್ ಇವರಿಗೆ ಬಂತು. 20 ಓವರ್, 93 ರನ್, 1 ವಿಕೆಟ್. ಕೇಪ್‌ಟೌನ್‌ನಲ್ಲಿ ಪಂದ್ಯವೇ ಎರಡು ದಿನದ್ದು, ಕೈಗೆ ಚೆಂಡು ಸಿಕ್ಕಿದ್ದೇ ಸ್ವಲ್ಪ. ಎರಡು ಟೆಸ್ಟ್, ಎರಡು ವಿಕೆಟ್.

ಆಗ ಎಲ್ಲರೂ ಅಂದರು, 'ಪ್ರಸಿದ್ಧ್ ಟೆಸ್ಟ್‌ಗೆ ಆಗೋದಿಲ್ಲ' ಅಂತ. ಎರಡು ಪಂದ್ಯ ನೋಡಿ ಒಬ್ಬ ಬೌಲರ್‌ನ ಹಣೆಬರಹ ಬರೆಯೋದು ಯಾವ ನ್ಯಾಯ? ಅವರು ಚೆನ್ನಾಗಿ ಹಾಕಲಿಲ್ಲ ಅನ್ನೋದು ಖರೆ. ಲೆಂಗ್ತ್ ತಪ್ಪುತ್ತಿತ್ತು, ಎರಡನೇ ಸ್ಪೆಲ್‌ನಲ್ಲಿ ದಣಿವು ಕಾಣುತ್ತಿತ್ತು. ಆದರೆ ಕಲಿಯೋದಕ್ಕೆ ಮೂರನೇ ಪಂದ್ಯ ಇರಬೇಕಿತ್ತು. ಮೊದಲನೆಯದರಲ್ಲಿ ತಪ್ಪು ಮಾಡಿ, ಎರಡನೆಯದರಲ್ಲಿ ತಿದ್ದಿಕೊಂಡು, ಮೂರನೆಯದರಲ್ಲಿ ಮಾಡಿ ತೋರಿಸೋದು. ಟೆಸ್ಟ್ ಸರಣಿ ಅಂದರೆ ಇದೇ ಅಲ್ಲವಾ?

2010-11ರಲ್ಲೂ 1-1, ಆದರೆ…

'ಹೋಗ್ಲಿ ಬಿಡಪಾ, 1-1 ಅಂದ್ರ ಒಳ್ಳೇದೇ ಆತಲ್ಲ' ಅನ್ನುವವರಿಗೆ ಒಂದು ಹಳೇ ಸರಣಿ ನೆನಪಿಸಬೇಕು.

2010ರ ಡಿಸೆಂಬರ್. ಧೋನಿ ನಾಯಕ. ಮೊದಲ ಟೆಸ್ಟ್ ಸೆಂಚುರಿಯನ್‌ನಲ್ಲೇ. ಭಾರತ ಮೊದಲ ಇನ್ನಿಂಗ್ಸ್‌ನಲ್ಲಿ 136ಕ್ಕೆ ಆಲೌಟ್, ಕೊನೆಗೆ ಇನ್ನಿಂಗ್ಸ್ ಮತ್ತು 25 ರನ್ ಸೋಲು. ಎರಡನೇ ಟೆಸ್ಟ್ ಡರ್ಬನ್‌ನಲ್ಲಿ. ಲಕ್ಷ್ಮಣ್ 96 ಹೊಡೆದರು, ಶ್ರೀಶಾಂತ್ ಹಾಕಿದ ಒಂದು ಚೆಂಡು ಪುಟಿದು ಕಾಲಿಸ್ ಎದೆಯ ಮಟ್ಟಕ್ಕೆ ಎದ್ದದ್ದು ಇವತ್ತಿಗೂ ಮೊಬೈಲ್‌ಗಳಲ್ಲಿ ಓಡಾಡುತ್ತದೆ. ಭಾರತ 87 ರನ್‌ಗಳಿಂದ ಗೆದ್ದಿತು. ಅಲ್ಲಿಗೆ 1-1.

ಗಮನಿಸ್ರಿ, ಈ ಸಲ ಆದದ್ದೂ ಹಂಗೇ. ಸೆಂಚುರಿಯನ್‌ನಲ್ಲಿ ಇನ್ನಿಂಗ್ಸ್ ಸೋಲು, ಎರಡನೆಯದರಲ್ಲಿ ತಿರುಗಿಬಿದ್ದು ಗೆಲುವು. ಆದರೆ ಆಗ ಮೂರನೇ ಟೆಸ್ಟ್ ಇತ್ತು. ಕೇಪ್‌ಟೌನ್, 2011ರ ಜನವರಿ 2. ದಕ್ಷಿಣ ಆಫ್ರಿಕಾ 362, ಭಾರತ 364. ಎರಡೇ ರನ್ ಅಂತರ! ಸಚಿನ್ 146, ಸ್ಟೇಯ್ನ್ 5 ವಿಕೆಟ್. ಹರಭಜನ್ 7 ವಿಕೆಟ್ ತೆಗೆದು ಗೆಲುವಿನ ಬಾಗಿಲು ತೆರೆದರೆ, ಪಕ್ಕೆ ನೋವಿನಲ್ಲಿ ಆಡಿದ ಕಾಲಿಸ್ ಎರಡನೇ ಇನ್ನಿಂಗ್ಸ್‌ನಲ್ಲೂ ಶತಕ ಹೊಡೆದು ಆ ಬಾಗಿಲು ಮುಚ್ಚಿದರು. ಐದನೇ ದಿನ ಸಂಜೆಯವರೆಗೂ ಆಟ ನಡೆದು ಡ್ರಾ ಆಯಿತು. ಸರಣಿ 1-1.

ಸ್ಕೋರ್‌ಬೋರ್ಡ್ ನೋಡಿದರೆ ಎರಡೂ 1-1. ಆದರೆ ಒಂದರಲ್ಲಿ ಎರಡು ತಂಡ ಕೊನೆಯವರೆಗೂ ಸೆಣಸಿ ಯಾರೂ ಮೇಲಲ್ಲ ಅಂತ ತೀರ್ಮಾನ ಆಯಿತು. ಇನ್ನೊಂದರಲ್ಲಿ ತೀರ್ಮಾನವೇ ಆಗಲಿಲ್ಲ, ಗಂಟು ಕಟ್ಟಿಕೊಂಡು ಎದ್ದು ಹೋದರು. ಈ ಪ್ರವಾಸದಲ್ಲಿ ಕೋಚ್ ಕುರ್ಚಿಯಲ್ಲಿದ್ದ ದ್ರಾವಿಡ್ ಆ ಸರಣಿಯಲ್ಲಿ ಆಡಿದವರು. ವ್ಯತ್ಯಾಸ ಏನು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ದೇಶದಲ್ಲಿ ಭಾರತ ಮೊದಲ ಟೆಸ್ಟ್ ಗೆದ್ದದ್ದೂ ಅವರ ನಾಯಕತ್ವದಲ್ಲೇ, 2006ರ ಡಿಸೆಂಬರ್‌ನಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ. ಆಮೇಲೆ ಉಳಿದೆರಡು ಸೋತು ಸರಣಿ 2-1ರಿಂದ ಕೈತಪ್ಪಿತು. ಸೋತರೂ ಅದು ಪೂರ್ತಿ ಆಡಿ ಸೋತದ್ದು.

ಲೆಕ್ಕ ನೋಡ್ರಿ. 1992-93ರಲ್ಲಿ ಭಾರತ ಮೊದಲ ಸಲ ದಕ್ಷಿಣ ಆಫ್ರಿಕಾಕ್ಕೆ ಹೋದಾಗ 4 ಟೆಸ್ಟ್, 7 ಏಕದಿನ. ಕುಂಬ್ಳೆ ಜೊಹಾನ್ಸ್‌ಬರ್ಗ್‌ನಲ್ಲಿ 53ಕ್ಕೆ 6 ವಿಕೆಟ್ ತೆಗೆದದ್ದು ಆಗಲೇ. 1996-97ರಲ್ಲಿ 3 ಟೆಸ್ಟ್. ಶ್ರೀನಾಥ್, ಪ್ರಸಾದ್, ಕುಂಬ್ಳೆ, ದ್ರಾವಿಡ್, ಡೇವಿಡ್ ಜಾನ್ಸನ್, ದೊಡ್ಡ ಗಣೇಶ್ ಅಂತ ಅರ್ಧ ತಂಡವೇ ನಮ್ಮದಿತ್ತು. 2010-11ರಲ್ಲಿ 3 ಟೆಸ್ಟ್, 5 ಏಕದಿನ, 1 ಟಿ20. 2023-24ರಲ್ಲಿ 2 ಟೆಸ್ಟ್, 3 ಏಕದಿನ, 3 ಟಿ20. 1992ರಿಂದ 2024ರ ಜನವರಿವರೆಗೆ ಟೆಸ್ಟ್ ಆಡಲು 9 ಸಲ ಹೋಗಿದ್ದೆವು, ಒಂದು ಟೆಸ್ಟ್ ಸರಣಿಯೂ ಗೆದ್ದಿರಲಿಲ್ಲ. ಈ ಸಲ ಗೆಲ್ಲುವ ಅವಕಾಶ ಜನವರಿ 4ರ ಸಂಜೆ ಬಾಗಿಲಲ್ಲೇ ನಿಂತಿತ್ತು. ಒಳಗೆ ಕರೆಯಲು ಮೂರನೇ ಟೆಸ್ಟೇ ಇರಲಿಲ್ಲ.

ದುಡ್ಡು ಯಾರದ್ದು?

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕೇಪ್‌ಟೌನ್ ಟೆಸ್ಟ್ ಜನವರಿ 7ರವರೆಗೆ ನಿಗದಿಯಾಗಿತ್ತು. ಜನವರಿ 10ಕ್ಕೆ ಎಸ್‌ಎ20 ಲೀಗ್ ಶುರುವಾಗೋದಿತ್ತು, ಫೆಬ್ರುವರಿ 10ಕ್ಕೆ ಫೈನಲ್ ಇತ್ತು. ಭಾರತಕ್ಕೆ ಜನವರಿ 11ರಿಂದ ಅಫ್ಗಾನಿಸ್ತಾನದ ಜೊತೆ ಟಿ20, ಮೂರನೆಯದು 17ಕ್ಕೆ ಬೆಂಗಳೂರಿನಲ್ಲಿ ಇತ್ತು. ನಡುವೆ ಇನ್ನೊಂದು ಟೆಸ್ಟ್ ತೂರಿಸೋದಕ್ಕೆ ಸೂಜಿಮೊನೆಯಷ್ಟು ಜಾಗವೂ ಇರಲಿಲ್ಲ.

ಆ ಲೀಗ್ ದಕ್ಷಿಣ ಆಫ್ರಿಕಾ ಮಂಡಳಿಗೆ ಎಷ್ಟು ಮುಖ್ಯ ಅಂದರೆ, 2023ರ ಜನವರಿಯಲ್ಲಿ ಅದಕ್ಕಾಗಿ ಆಸ್ಟ್ರೇಲಿಯಾದಲ್ಲಿ ಆಡಬೇಕಿದ್ದ ಮೂರು ಏಕದಿನ ಪಂದ್ಯಗಳನ್ನೇ ಬಿಟ್ಟುಕೊಟ್ಟರು, ವಿಶ್ವಕಪ್ ಅರ್ಹತೆಯ ಅಂಕ ಹೋದರೂ ಹೋಗಲಿ ಅಂತ. 2024ರಲ್ಲಿ ಇನ್ನೂ ಮುಂದಕ್ಕೆ ಹೋದರು. ಫೆಬ್ರುವರಿ 4ರಿಂದ ನ್ಯೂಜಿಲೆಂಡ್‌ನಲ್ಲಿ ಎರಡು ಟೆಸ್ಟ್ ಇದ್ದವು. ಲೀಗ್ ಅದೇ ಹೊತ್ತಿಗೆ ಇದ್ದದ್ದರಿಂದ ಭಾರತದ ಎದುರು ಆಡಿದ ಬಹುತೇಕರು ಆ ತಂಡದಲ್ಲಿರಲಿಲ್ಲ. ಅಲ್ಲಿವರೆಗೆ ಒಂದೂ ಟೆಸ್ಟ್ ಆಡದ ನೀಲ್ ಬ್ರಾಂಡ್ ನಾಯಕರಾಗಿದ್ದರು. ಅವರೂ ಸೇರಿ ಏಳು ಜನ ಹೊಸಬರು. ಇದನ್ನು ನೋಡಿ ಸ್ಟೀವ್ ವಾ ಬಹಿರಂಗವಾಗಿಯೇ ಸಿಟ್ಟಾದರು. ಅದೇ ಜನವರಿಯಲ್ಲಿ ಹೈನ್ರಿಕ್ ಕ್ಲಾಸೆನ್ 4 ಟೆಸ್ಟ್ ಆಡಿದ್ದಕ್ಕೇ ಟೆಸ್ಟ್‌ಗೆ ವಿದಾಯ ಹೇಳಿದರು. ಟೆಸ್ಟ್ ಆಟವನ್ನೇ ನಂಬಿದ್ದ ಎಲ್ಗರ್ ಕೇಪ್‌ಟೌನ್‌ನಲ್ಲಿ ಕೊನೆಯ ಪಂದ್ಯ ಆಡಿದರು. ಮೊದಲ ದಿನವೇ ಎರಡೂ ಇನ್ನಿಂಗ್ಸ್‌ನಲ್ಲಿ ಔಟಾಗಿ, ಕೊಹ್ಲಿಯ ಅಪ್ಪುಗೆ ಪಡೆದು ಹೋದರು.

'ದಕ್ಷಿಣ ಆಫ್ರಿಕಾದವ್ರು ಟೆಸ್ಟ್ ಕೊಂದ್ರು' ಅಂತ ಬೈಯೋದು ಸುಲಭ. ಆದರೆ ಎಸ್‌ಎ20ಯಲ್ಲಿ ಇರುವ ಆರು ತಂಡ ಯಾರವು? ಮುಂಬೈ, ಚೆನ್ನೈ, ಡೆಲ್ಲಿ, ರಾಜಸ್ಥಾನ, ಲಖನೌ, ಹೈದರಾಬಾದ್. ಆರಕ್ಕೆ ಆರೂ ನಮ್ಮ ಐಪಿಎಲ್ ಮಾಲೀಕರವೇ. ಅಲ್ಲಿ ಓಡುವ ದುಡ್ಡಿನ ಬೇರು ಇಲ್ಲಿದೆ. ಐಪಿಎಲ್ ನೋಡುವ ನಾನು, ನೀವು, ನಮ್ಮ ಮೊಬೈಲ್ ಡೇಟಾ, ನಡುವೆ ಬರುವ ಜಾಹೀರಾತು, ಎಲ್ಲ ಸೇರಿಯೇ ಆ ಲೀಗ್‌ಗೆ ಬಲ ಬಂದದ್ದು. ಮೂರನೇ ಟೆಸ್ಟ್ ಒಯ್ದವರ ಸಾಲಿನಲ್ಲಿ ನಾವೂ ಇದ್ದೇವೆ.

ಅವರ ಮಂಡಳಿಯ ಕಷ್ಟವನ್ನೂ ಒಪ್ಪಬೇಕು. ಭಾರತ, ಇಂಗ್ಲೆಂಡ್, ಆಸ್ಟ್ರೇಲಿಯಾ ಬಂದರೆ ಟೆಸ್ಟ್‌ಗೆ ನಾಲ್ಕು ಕಾಸು ಹುಟ್ಟುತ್ತದೆ, ಉಳಿದವರು ಬಂದರೆ ಕೈಯಿಂದಲೇ ಖರ್ಚು. ಆಟಗಾರರಿಗೆ ಸಂಬಳ ಕೊಡಬೇಕು, ಇಲ್ಲದಿದ್ದರೆ ಅವರು ಬೇರೆ ದೇಶದ ಲೀಗ್‌ಗೆ ಹೋಗ್ತಾರೆ. ಹೊಟ್ಟೆಪಾಡಿನ ಪ್ರಶ್ನೆ ಬಂದಾಗ ಬಿಳಿ ಬಟ್ಟೆಯ ಗೌರವ ಅಂತ ಭಾಷಣ ಮಾಡಿದರೆ ಪ್ರಯೋಜನ ಇಲ್ಲ.

ನಿಯಮವೂ ಇದಕ್ಕೆ ದಾರಿ ಮಾಡಿಕೊಟ್ಟಿದೆ. ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್‌ನಲ್ಲಿ ಒಂದು ಸರಣಿಗೆ ಕನಿಷ್ಠ 2 ಟೆಸ್ಟ್ ಸಾಕು, ಗರಿಷ್ಠ 5. 2023-25ರ ಸುತ್ತಿನಲ್ಲಿ ದಕ್ಷಿಣ ಆಫ್ರಿಕಾ ಆಡಿದ ಆರೂ ಸರಣಿ ಎರಡೆರಡು ಟೆಸ್ಟ್‌ನವಾಗಿದ್ದವು. ಅದೇ ಇಂಗ್ಲೆಂಡ್ 2024ರ ಜನವರಿ 25ರಿಂದ ಹೈದರಾಬಾದ್‌ನಲ್ಲಿ ಶುರುಮಾಡಿ ನಮ್ಮ ಜೊತೆ ಆಡಿದ್ದು 5 ಟೆಸ್ಟ್! 2023ರ ಆ್ಯಷಸ್ ಕೂಡ 5 ಟೆಸ್ಟ್. ದುಡ್ಡಿದ್ದವರ ಮನೆಯಲ್ಲಿ ಐದು ದಿನದ ಮದುವೆ, ಇಲ್ಲದವರ ಮನೆಯಲ್ಲಿ ರಿಜಿಸ್ಟರ್ ಸಹಿ.

'ಎರಡು ದಿನಕ್ಕೆ ಮುಗಿಯೋ ಆಟಕ್ಕೆ ಮೂರನೇದು ಯಾಕೆ?'

ಗೆಳೆಯರು ಈ ಪ್ರಶ್ನೆ ಎತ್ತಿದರು. ನ್ಯಾಯವಾದ ಪ್ರಶ್ನೆಯೇ. 642 ಎಸೆತಕ್ಕೆ ಮುಗಿಯೋದಾದರೆ ಅದು ಟೆಸ್ಟ್ ಹೇಗೆ ಆದೀತು?

ಕೇಪ್‌ಟೌನ್ ಪಿಚ್ ಕೆಟ್ಟದ್ದು, ಅನುಮಾನ ಇಲ್ಲ. ಭಾರತದ ಸ್ಪಿನ್ ಪಿಚ್‌ಗಳನ್ನು ಬೈಯುವವರು ಇಂಥ ಪಿಚ್ ಬಗ್ಗೆಯೂ ಅಷ್ಟೇ ಬಾಯಿ ಬಿಡಬೇಕು ಅಂತ ರೋಹಿತ್ ಆಡಿದ ಮಾತಿನಲ್ಲಿ ತಪ್ಪಿಲ್ಲ. ಆದರೆ ಪಿಚ್ ಒಂದರ ಮೇಲೆ ಎಲ್ಲ ಹೊರಿಸಬಾರದು. ಅದೇ ಪಿಚ್ ಮೇಲೆ ಮಾರ್ಕ್ರಮ್ 103 ಎಸೆತದಲ್ಲಿ 106 ಹೊಡೆದಿದ್ದಾರೆ. 11 ಎಸೆತದಲ್ಲಿ 6 ವಿಕೆಟ್ ಬರೀ ಬಿರುಕಿನಿಂದ ಬೀಳೋದಿಲ್ಲ. ಉದ್ದನೆಯ ಆಟದ ಅಭ್ಯಾಸವೇ ಕಡಿಮೆ ಆಗಿದೆ. ಅಭ್ಯಾಸ ಪಂದ್ಯ ಇಲ್ಲದೆ ಹೋದರೆ ಟೆಸ್ಟ್ ಬೇಗ ಮುಗಿಯುತ್ತದೆ, ಬೇಗ ಮುಗಿದರೆ 'ಟೆಸ್ಟ್ ಯಾಕೆ ಬೇಕು' ಅಂತ ಕೇಳ್ತಾರೆ, ಕೇಳಿದ ಮೇಲೆ ಇನ್ನೊಂದು ಟೆಸ್ಟ್ ಕಡಿಮೆ ಮಾಡ್ತಾರೆ. ಗಾಣದೆತ್ತಿನ ಹಾಗೆ ಅದೇ ಸುತ್ತು.

ಹುಬ್ಬಳ್ಳಿಯಲ್ಲಿ ನಾಲ್ಕು ದಿನ

ಈಗ ಮತ್ತೆ ರಾಜನಗರಕ್ಕೆ ಬರೋಣ. ಕೇಪ್‌ಟೌನ್ ಮುಗಿದ ಮರುದಿನ ಶುರುವಾದ ನಮ್ಮ ಪಂದ್ಯ ನಾಲ್ಕನೇ ದಿನಕ್ಕೆ ಹೋಯಿತು. ವಾಸುಕಿ ಕೌಶಿಕ್ 41 ರನ್ನಿಗೆ 7 ವಿಕೆಟ್ ತೆಗೆದು ಪಂಜಾಬನ್ನು 152ಕ್ಕೆ ಕೆಡವಿದರು. ದೇವದತ್ತ ಪಡಿಕ್ಕಲ್ 193, ಮನೀಷ್ ಪಾಂಡೆ 118. ಕರ್ನಾಟಕ 8 ವಿಕೆಟ್‌ಗೆ 514. ಮುಗೀತು ಅಂದುಕೊಂಡರೆ ಪಂಜಾಬ್ ಎರಡನೇ ಇನ್ನಿಂಗ್ಸ್‌ನಲ್ಲಿ 413 ಹೊಡೆದು ಮತ್ತೆ ಬ್ಯಾಟ್ ಹಿಡಿಸಿತು. 52 ರನ್ ಗುರಿ, ಅದಕ್ಕೂ ಮೂರು ವಿಕೆಟ್ ಹೋದವು. 7 ವಿಕೆಟ್ ಗೆಲುವು.

ಕೌಶಿಕ್ ಹಾಕುವ ಚೆಂಡಿನಲ್ಲಿ ಕಣ್ಣು ಕುಕ್ಕುವ ವೇಗ ಇಲ್ಲ. ಒಂದೇ ಜಾಗಕ್ಕೆ, ಓವರ್ ಮೇಲೆ ಓವರ್, ಬೇಸರ ಇಲ್ಲದೆ ಹಾಕೋದು. ಇದು ನೆಟ್ಸ್‌ನಲ್ಲಿ ಬರುವ ವಿದ್ಯೆ ಅಲ್ಲ, ವರ್ಷಗಟ್ಟಲೆ ಇಂಥ ನಾಲ್ಕು ದಿನದ ಪಂದ್ಯ ಆಡಿ ಬಂದದ್ದು. ಭಾರತದ ಕ್ಯಾಪ್ ಅವರಿಗೆ ಸಿಕ್ಕಿಲ್ಲ, ಐಪಿಎಲ್ ಹರಾಜಿನಲ್ಲಿ ಜೋರಾಗಿ ಕೂಗುವ ಹೆಸರೂ ಅಲ್ಲ. ಸೆಂಚುರಿಯನ್‌ನಲ್ಲಿ ನಮ್ಮ ತಂಡಕ್ಕೆ ಬೇಕಾಗಿದ್ದದ್ದು ಈ ತಾಳ್ಮೆಯೇ.

ಮೈದಾನದ ಬೇಲಿ ಹತ್ತಿರ ಶಾಲೆ ಹುಡುಗರು ನಿಂತಿದ್ದರು. ಒಬ್ಬನನ್ನು ಕೇಳಿದೆ, ಮುಂದೆ ಏನಾಗ್ತೀಯೋ ಅಂತ. "ಐಪಿಎಲ್ ಆಡ್ತೀನ್ರಿ ಅಣ್ಣಾ" ಅಂದ. ಅವನ ತಪ್ಪಿಲ್ಲ. ನಾನೂ ಅದನ್ನೇ ನೋಡಿ ಬೆಳೆದವನು, ಇವತ್ತಿಗೂ ಏಪ್ರಿಲ್ ಬಂತಂದರೆ ಸಂಜೆ ಏಳೂವರೆಗೆ ಮೊಬೈಲ್ ಹಿಡಿದು ಕೂಡುವವನು. ಟೆಸ್ಟ್ ಬಗ್ಗೆ ಮುದುಕರ ಹಾಗೆ ಗೊಣಗಲು ನನಗೆ ವಯಸ್ಸೂ ಆಗಿಲ್ಲ. ಆದರೆ ಡಿಗ್ರಿ ಎರಡನೇ ವರ್ಷಕ್ಕೆ ಬಿಟ್ಟವನು ನಾನು. ಅರ್ಧಕ್ಕೆ ಬಿಟ್ಟದ್ದನ್ನು ಆಮೇಲೆ ಯಾರಿಗೂ ವಿವರಿಸಿ ಹೇಳಲು ಆಗೋದಿಲ್ಲ ಅನ್ನೋದು ನನಗೆ ಗೊತ್ತಿದೆ. ಪಾಸೂ ಅಲ್ಲ, ಫೇಲೂ ಅಲ್ಲ. 1-1 ಅಂದರೆ ಅಂಥದ್ದೇ.

ಏನು ಮಾಡಬಹುದು?

ದೊಡ್ಡ ಕ್ರಾಂತಿ ಏನೂ ಬೇಕಿಲ್ಲ. ಮೂರು ಸಣ್ಣ ಕೆಲಸ ಸಾಕು.

ಒಂದು, ಟೆಸ್ಟ್ ಚಾಂಪಿಯನ್‌ಷಿಪ್‌ನ ಸರಣಿಗೆ ಕನಿಷ್ಠ 3 ಟೆಸ್ಟ್ ಅಂತ ನಿಯಮ ಮಾಡಬೇಕು. ಟಿ20ಗೆ ಮೂರು, ಏಕದಿನಕ್ಕೆ ಮೂರು ಪಂದ್ಯ ಇದ್ದರೆ ಗೆದ್ದವರು ಯಾರು ಅಂತ ಗೊತ್ತಾಗಲಿ ಅಂತಲೇ ಅಲ್ಲವಾ? ಟೆಸ್ಟ್‌ಗೆ ಮಾತ್ರ ಆ ನ್ಯಾಯ ಯಾಕಿಲ್ಲ?

ಎರಡು, ಮೊದಲ ಟೆಸ್ಟ್‌ಗೆ ಮುಂಚೆ ಆತಿಥೇಯರ ತಂಡದ ಎದುರು ಒಂದಾದರೂ ನಾಲ್ಕು ದಿನದ ಪಂದ್ಯ ಆಡಲೇಬೇಕು. ಬೇಕಾದರೆ ಒಂದು ಟಿ20 ಕಡಿಮೆ ಆಗಲಿ.

ಮೂರು, ಇದು ನಮ್ಮ ಮಂಡಳಿಗೆ. ಕ್ರಿಕೆಟ್‌ನ ದೊಡ್ಡ ಗಂಟು ಇರೋದು ಬಿಸಿಸಿಐ ಕೈಯಲ್ಲಿ. ಭಾರತ ಹೋದರೆ ಆ ದೇಶದ ಮಂಡಳಿಗೆ ವರ್ಷದ ಅನ್ನ. 'ನಾವು ಬರ್ತೀವಿ, ಆದರೆ ಮೂರು ಟೆಸ್ಟ್ ಇಡಿ' ಅಂತ ನಾವು ಹೇಳಿದರೆ ಯಾರೂ ಇಲ್ಲ ಅನ್ನೋದಿಲ್ಲ. ನಮ್ಮವರು ಹಾಗೆ ಹೇಳ್ತಾರಾ ಅನ್ನೋದೇ ಪ್ರಶ್ನೆ.

ಸೋಮವಾರ ಪಂದ್ಯ ಮುಗಿಸಿ ಹೊರಗೆ ಬಂದಾಗ ಅದೇ ಕಾಕಾ ಸಿಕ್ಕರು. ನಾಲ್ಕೂ ದಿನ ಬಂದಿದ್ದರಂತೆ. "ಹೆಂಗಿತ್ರಿ ಕಾಕಾ?" ಅಂದೆ.

"ಯಾರು ಗೆದ್ದ್ರು ಅಂತ ಗೊತ್ತಾತಲ್ಲಪಾ, ಅಷ್ಟ ಸಾಕು" ಅಂದು ಸೈಕಲ್ ಹತ್ತಿದರು.